ಈಗ ಬರತ್ತೆ ನೋಡು

ರಾತ್ರಿ ಹತ್ತೂಕಾಲು. ಪಾತ್ರೆ ತೊಳೆದಾಯಿತು, ಹಾಲಿಗೆ ಹೆಪ್ಪು ಹಾಕಿಯಾಯಿತು, ದೋಸೆಹಿಟ್ಟು ಉಕ್ಕಿದರೆ ಇರಲಿ ಅಂತ ಪಾತ್ರೆ ಕೆಳಗೊಂದು ತಟ್ಟೆಯನ್ನೂ ಇಟ್ಟಾಯಿತು. ಇನ್ನು ನೆಮ್ಮದಿಯಾಗಿ ಕೂತು ಹೆದರೋಣ ಅಂತ ಮನೆಮಂದಿಯೆಲ್ಲ ಟಿವಿ ಮುಂದೆ ಸೇರಿದರೆ, ದೆವ್ವಕ್ಕಿಂತ ಮೊದಲು ಕಾಟ ಕೊಡುವುದು ರಿಮೋಟು.

ದೆವ್ವದ ಸಿನಿಮಾದಲ್ಲಿ ಮಾತಾಡುವವರೆಲ್ಲ ಪಿಸುಗುಟ್ಟುವವರೇ. ನಡುರಾತ್ರಿ ಹಾಳುಬಂಗಲೆಯಲ್ಲಿ ಮೂವರೇ ಇರುತ್ತಾರೆ, ಆದರೂ ಪಕ್ಕದ ಕೋಣೆಯಲ್ಲಿ ಮಗು ಮಲಗಿದೆಯೇನೋ ಅನ್ನುವ ಹಾಗೆ ಮಾತು. ಏನಂದಳು ಅಂತ ತಿಳಿಯದೆ ವಾಲ್ಯೂಮನ್ನು 16ರಿಂದ 34ಕ್ಕೆ ಏರಿಸುತ್ತೇವೆ. ಸರಿಯಾಗಿ ಆಗಲೇ ಬಾಗಿಲು ಧಡಾರ್! ರಿಮೋಟು ಸೋಫಾದ ಸಂದಿಗೆ ಬಿದ್ದಿರುತ್ತದೆ. ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ತಮ್ಮ ಸೂರನ್ನು ಕುಟ್ಟುತ್ತಾರೆ. ಆ ಕುಟ್ಟುವ ಸದ್ದಿಗೆ ಬೆಚ್ಚಿದಷ್ಟು ಸಿನಿಮಾಕ್ಕೆ ಯಾರೂ ಬೆಚ್ಚಿರುವುದಿಲ್ಲ.

ಇದಕ್ಕೆ ಕಾರಣ ಪ್ರೇತಬಾಧೆಯಲ್ಲ, 5.1 ಎಂಬ ಧ್ವನಿಯ ಏರ್ಪಾಡು: ಐದು ಸ್ಪೀಕರ್, ಜೊತೆಗೆ ಗುಡುಗಿಗೊಂದು. ಥಿಯೇಟರಿಗೆಂದು ಕೂಡಿಸಿದ ಧ್ವನಿಯಲ್ಲಿ ಮಾತಿಗೆ ನಡುವೆ ಪ್ರತ್ಯೇಕ ಸ್ಪೀಕರ್. ಸಂಗೀತ, ಗುಡುಗು, ಬಾಗಿಲುಗಳಿಗೆ ಸುತ್ತಲೂ ಬೇರೆ ಬೇರೆ ಸ್ಪೀಕರ್. ನಮ್ಮ ಟಿವಿಗೆ ಇರುವುದು ಎರಡು, ಅವೂ ನೆಲದ ಕಡೆಗೋ ಗೋಡೆಯ ಕಡೆಗೋ ಮುಖ ಮಾಡಿಕೊಂಡಿರುತ್ತವೆ. ಐದು ದಾರಿಯ ಸದ್ದನ್ನು ಎರಡಕ್ಕೆ ತುರುಕಿದಾಗ ಪಾಪ, ಮಾತು ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಸಿನಿಮಾ ಶುರುವಾದ ಕೂಡಲೇ ಆಡಿಯೊ ಮೆನುಗೆ ಹೋಗಿ 5.1 ಎಂದು ಬರೆದಿಲ್ಲದ ಸಾದಾ ಸ್ಟೀರಿಯೊ ಟ್ರ್ಯಾಕ್ ಆರಿಸಿ. ಆಮೇಲೆ ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ನೈಟ್ ಮೋಡ್, ಆಟೊ ವಾಲ್ಯೂಮ್, ಕ್ಲಿಯರ್ ವಾಯ್ಸ್ ಇವುಗಳಲ್ಲಿ ಯಾವುದಿದೆಯೋ ಅದನ್ನು ಹಾಕಿ. ಪಿಸುಮಾತು ಮೇಲೇರುತ್ತದೆ, ಕಿರುಚಾಟ ಇಳಿಯುತ್ತದೆ. ದೆವ್ವಕ್ಕೆ ಸ್ವಲ್ಪ ನೆಗಡಿಯಾದ ಹಾಗೆ ಕೇಳಬಹುದು, ಆದರೆ ಕೆಳಗಿನ ಮನೆಯವರು ಮಾರನೆಯ ದಿನ ಮುಖ ಕೊಟ್ಟು ಮಾತಾಡುತ್ತಾರೆ.

ಚಿತ್ರದ್ದು ಇನ್ನೊಂದು ಗೋಳು. ಅಂಗಡಿಯಲ್ಲಿ ಮಿಂಚಲಿ ಅಂತ ಹಾಕಿದ್ದ ವಿವಿಡ್ ಮೋಡನ್ನು ನಾವು ಹಾಗೇ ಮನೆಗೆ ತಂದಿರುತ್ತೇವೆ. ಅದರಲ್ಲಿ ಸ್ಮಶಾನವೂ ಮದುವೆ ಛತ್ರದಂತೆ ಕಾಣುತ್ತದೆ. ಸಿನಿಮಾ ಮೋಡಿಗೆ ಬದಲಿಸಿ. ಪವರ್ ಸೇವಿಂಗ್ ತೆಗೆಯಿರಿ, ಇಲ್ಲವಾದರೆ ಕೋಣೆ ಕತ್ತಲಾದಂತೆ ಪರದೆಯೂ ಮಂಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಮೋಷನ್ ಸ್ಮೂದಿಂಗನ್ನು ಕೊಲ್ಲಿ. ಸೆಕೆಂಡಿಗೆ 24 ಚಿತ್ರಗಳಲ್ಲಿ ತೆಗೆದ ಸಿನಿಮಾಕ್ಕೆ ಟಿವಿ ತಾನೇ ನಡುನಡುವೆ ಚಿತ್ರ ಹುಟ್ಟಿಸಿ ತುಂಬಿದರೆ ಎಂಥ ಭಯಂಕರ ಪಿಶಾಚಿಯೂ ಸಂಜೆ ಏಳೂವರೆಯ ಧಾರಾವಾಹಿಯ ಅತ್ತೆಯಂತೆ ಓಡಾಡತೊಡಗುತ್ತದೆ. ಟ್ಯೂಬ್‌ಲೈಟ್ ಆರಿಸಿ, ಟಿವಿಯ ಹಿಂದೆ ಒಂದು ಸಣ್ಣ ದೀಪ ಇಡಿ. ಎದುರಿಗೆ ದೀಪವಿದ್ದರೆ ಕತ್ತಲಿನ ದೃಶ್ಯದಲ್ಲೆಲ್ಲ ಬನಿಯನ್ ತೊಟ್ಟ ಒಂದು ಆಕೃತಿ ಕಾಣಿಸುತ್ತದೆ. ಅದು ಚಿಕ್ಕಪ್ಪ.

ಧ್ವನಿಗೂ ಚಿತ್ರಕ್ಕೂ ಸೆಟ್ಟಿಂಗಿದೆ. ಚಿಕ್ಕಪ್ಪನಿಗೆ ಇಲ್ಲ.

ಚಿಕ್ಕಪ್ಪ ಎಲ್ಲ ಮನೆಯಲ್ಲೂ ಇರುತ್ತಾರೆ. ಕೆಲವು ಕಡೆ ಭಾವನಾಗಿ, ಕೆಲವು ಕಡೆ ಸೋದರಮಾವನಾಗಿ, ಮಾತು ಮಾತ್ರ ಒಂದೇ: "ಈಗ ಬರತ್ತೆ ನೋಡು." ನಾಯಕಿ ಕಾರಿನಿಂದ ಇಳಿದರೆ, "ಈಗ ಬರತ್ತೆ ನೋಡು." ಬೀಗ ತೆಗೆದರೆ, "ಈಗ ಬಂತು." ಫ್ರಿಜ್ ಬಾಗಿಲು ತೆರೆದು ಹಾಲು ತೆಗೆದುಕೊಂಡರೆ, "ಮುಚ್ಚಿದ ತಕ್ಷಣ ಹಿಂದೆ ನಿಂತಿರತ್ತೆ, ನಾನ್ ಹೇಳ್ತಿದೀನಲ್ಲ." ಮುಚ್ಚುತ್ತಾಳೆ. ಯಾರೂ ಇಲ್ಲ. "ಹಾಗಾದ್ರೆ ಮಹಡಿ ಮೇಲೆ," ಅನ್ನುತ್ತಾರೆ, ಬಸ್ಸಿನ ಸ್ಟಾಪು ಬದಲಾದದ್ದನ್ನು ತಿಳಿಸುವ ಕಂಡಕ್ಟರ್ ಥರ. ಚಿಕ್ಕಮ್ಮ "ರೀ, ಸ್ವಲ್ಪ ಸುಮ್ನೆ ನೋಡ್ರೀ" ಅಂದರೆ ಎರಡು ನಿಮಿಷ ಮೌನ. ಆ ಎರಡು ನಿಮಿಷವೂ ತುಟಿ ಅಲ್ಲಾಡುತ್ತಲೇ ಇರುತ್ತದೆ. ಹನ್ನೊಂದು ಸಲ ದೆವ್ವವನ್ನು ಕರೆದು, ಹನ್ನೆರಡನೆಯ ಸಲಕ್ಕೆ ನೀರು ಕುಡಿಯಲು ಅಡುಗೆಮನೆಗೆ ಹೋಗುತ್ತಾರೆ. ಆಗ ಬರುತ್ತದೆ. ಎಲ್ಲರೂ ಒಟ್ಟಿಗೆ ಕಿರುಚುತ್ತಾರೆ. ಕೈಯಲ್ಲಿ ಚೊಂಬು ಹಿಡಿದೇ ಓಡಿಬಂದು, "ಬಂತಾ? ಏ, ಹಿಂದಕ್ಕೆ ಹಾಕೋ!" ಹತ್ತು ಸೆಕೆಂಡ್ ಹಿಂದಕ್ಕೆ ಹಾಕಬೇಕು. ಹತ್ತು ಸಾಲದು, ಮೂವತ್ತು. ಮತ್ತೆ ನಾಯಕಿ ಮೆಟ್ಟಿಲು ಹತ್ತುತ್ತಾಳೆ. ಏನು ಬರುತ್ತದೆ, ಎಲ್ಲಿಂದ ಬರುತ್ತದೆ ಅಂತ ಮನೆಯ ಪುಟ್ಟ ಮಗುವಿಗೂ ಗೊತ್ತಿರುವ ಆ ಗಳಿಗೆಯಲ್ಲಿ, ಪರಮತೃಪ್ತಿಯಿಂದ ಚಿಕ್ಕಪ್ಪ ಹೇಳುತ್ತಾರೆ: "ಈಗ ಬರತ್ತೆ ನೋಡು."

ನ್ಯಾಯವಾಗಿ ಹೇಳಬೇಕೆಂದರೆ, ತಪ್ಪು ಚಿಕ್ಕಪ್ಪನದೊಂದೇ ಅಲ್ಲ. ಬೆಚ್ಚಿಬೀಳಿಸುವ ದೃಶ್ಯಕ್ಕೆ ರಸಂಗೆ ಇರುವಷ್ಟೇ ಖಚಿತವಾದ ಪಾಕವಿಧಾನವಿದೆ. ಸಂಗೀತ ನಿಲ್ಲಬೇಕು. ಮುಖವನ್ನು ಚೌಕಟ್ಟಿನ ಒಂದು ಪಕ್ಕಕ್ಕೆ ತಳ್ಳಿ ಇನ್ನೊಂದು ಪಕ್ಕ ಖಾಲಿ ಬಿಡಬೇಕು. ಮೊದಲು ಸುಳ್ಳು ಸದ್ದು, ಸಾಮಾನ್ಯವಾಗಿ ಬೆಕ್ಕು. ಉಸ್ಸಪ್ಪಾ ಅಂದಮೇಲೆ ನಿಜವಾದದ್ದು. 1942ರ 'ಕ್ಯಾಟ್ ಪೀಪಲ್' ಚಿತ್ರದಲ್ಲಿ ಒಬ್ಬಳು ಕತ್ತಲ ರಸ್ತೆಯಲ್ಲಿ ನಡೆದು ಹೋಗುತ್ತಿರುತ್ತಾಳೆ, ಹಿಂದೆ ಯಾವುದೋ ಮೃಗ ಇದೆ ಅನ್ನಿಸುವ ಹೊತ್ತಿಗೆ ಪಕ್ಕದಿಂದ ಬುಸ್ಸೆಂದು ಬಸ್ಸೊಂದು ಬಂದು ನಿಲ್ಲುತ್ತದೆ. ನಿರ್ಮಾಪಕ ವ್ಯಾಲ್ ಲ್ಯೂಟನ್ ಹೆಸರಿನಲ್ಲಿ ಈ ಉಪಾಯಕ್ಕೆ 'ಲ್ಯೂಟನ್ ಬಸ್' ಎಂದೇ ಹೆಸರು ಬಿತ್ತು. ಬಸ್ಸು ನಿಲ್ಲಿಸಿದ ಕಡೆ ನಿಂತಿತಲ್ಲ ಎಂದು ನಮಗೆ ಬೇರೆ ಕಾರಣಕ್ಕೆ ಬೆರಗಾಗಬಹುದು, ಅದು ಬೇರೆ ಮಾತು.

ಪುಸ್ತಕಕ್ಕೆ ಈ ಉಪಾಯವೇ ಇಲ್ಲ. ಪುಟದಲ್ಲಿ ಏನೂ ಧಡಾರ್ ಅನ್ನುವುದಿಲ್ಲ. ಆದ್ದರಿಂದ ಒಳ್ಳೆಯ ದೆವ್ವದ ಕಥೆಗಾರರೆಲ್ಲ ಬಾಗಿಲನ್ನು ಮುಚ್ಚಿಯೇ ಇಡುತ್ತಾರೆ, ನಮ್ಮನ್ನು ಚಿಲಕದ ಹತ್ತಿರ ನಿಲ್ಲಿಸಿ ಹೊರಟುಹೋಗುತ್ತಾರೆ. ಡಬ್ಲ್ಯು. ಡಬ್ಲ್ಯು. ಜೇಕಬ್ಸ್ 1902ರಲ್ಲಿ ಬರೆದ 'ದಿ ಮಂಕೀಸ್ ಪಾ' ಇದಕ್ಕೆ ಹೆಡ್‌ಮಾಸ್ಟರ್. ಇಂಡಿಯಾದಿಂದ ಬಂದ ಸಿಪಾಯಿಯೊಬ್ಬ ಫಕೀರನ ಮಂತ್ರ ಹಾಕಿದ ಒಣ ಕೋತಿಪಾದವನ್ನು ಮುದುಕ ಗಂಡಹೆಂಡಿರ ಮನೆಗೆ ತಂದು, ಮೂರು ವರ ಕೊಡುತ್ತದೆ ಅನ್ನುತ್ತಾನೆ. ಮುದುಕ ಕೇಳುವುದು 200 ಪೌಂಡು. ಸಿಗುತ್ತದೆ, ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸತ್ತದ್ದಕ್ಕೆ ಪರಿಹಾರವಾಗಿ. ತಾಯಿ ಎರಡನೆಯ ವರವಾಗಿ ಗಂಡನ ಕೈಲಿ ಮಗನನ್ನೇ ಕೇಳಿಸುತ್ತಾಳೆ. ನಡುರಾತ್ರಿ ಬಾಗಿಲು ತಟ್ಟುವ ಸದ್ದು. ಕೆಳಗಿನ ಚಿಲಕ ತೆಗೆದಾಯಿತು, ಮೇಲಿನದು ಎಟುಕುತ್ತಿಲ್ಲ. ಅವಳು ಕುರ್ಚಿ ಎಳೆಯುತ್ತಾಳೆ. ಇತ್ತ ಗಂಡ ಕತ್ತಲಲ್ಲಿ ನೆಲ ತಡಕಿ, ಕೋತಿಪಾದ ಸಿಕ್ಕ ಕ್ಷಣಕ್ಕೆ ಮೂರನೆಯ ವರ ಕೇಳಿಬಿಡುತ್ತಾನೆ. ಬಾಗಿಲು ತೆರೆದರೆ ಖಾಲಿ ರಸ್ತೆ, ಎದುರಿಗೊಂದು ಬೀದಿದೀಪ. ಅಷ್ಟೇ. ಏನು ಬಂದಿತ್ತು ಅಂತ ಜೇಕಬ್ಸ್ ಒಂದಕ್ಷರ ಬರೆದಿಲ್ಲ. ಇದನ್ನು ಸಿನಿಮಾ ಮಾಡಲು ಹೊರಟವರ ಕೈ ಹೊಸ್ತಿಲ ಆಚೆಗಿನದನ್ನು ತೋರಿಸಲು ತುರಿಸುತ್ತದೆ. ತೋರಿಸಿದರೆ ಕಥೆ ಸತ್ತಿತು. ತೋರಿಸದಿದ್ದರೆ ಚಿಕ್ಕಪ್ಪ "ಇಷ್ಟೇನಾ?" ಅನ್ನುತ್ತಾರೆ.

ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮದೇ ಕಥೆಯೊಂದು ಬಾಗಿಲುಗಳ ಮೇಲೇ ಪ್ರಕಟವಾಗಿತ್ತು: 'ನಾಳೆ ಬಾ'. ರಾತ್ರಿ ದೆವ್ವದ ಹೆಣ್ಣೊಬ್ಬಳು ಮನೆಯವರದೇ ದನಿಯಲ್ಲಿ ಕರೆಯುತ್ತಾಳೆ, ತೆಗೆದರೆ ಕೆಟ್ಟಿರಿ. ಬಾಗಿಲ ಮೇಲೆ ಬರೆದಿಟ್ಟರೆ ಓದಿಕೊಂಡು ಹೋಗಿ ನಾಳೆ ಬರುತ್ತಾಳೆ, ಬಂದು ಮತ್ತೆ ಓದುತ್ತಾಳೆ. ಎರಡೇ ಪದ. ಕನ್ನಡ ಓದಲು ಬರುವ ದೆವ್ವ, ಅದೂ ಬೆಂಗಳೂರಿನಲ್ಲಿ! ಇದೇ ನಂಬಿಕೆಯಿಂದ 2018ರಲ್ಲಿ ಹಿಂದಿಯ 'ಸ್ತ್ರೀ' ಹುಟ್ಟಿತು. ಊರು ಮಧ್ಯಪ್ರದೇಶದ ಚಂದೇರಿಯಾಯಿತು, ಗೋಡೆಬರಹ ಹಿಂದಿಯಾಯಿತು, ಮಾಯವಾಗುವವರು ಗಂಡಸರು, ಉಳಿಯುವುದು ಬಟ್ಟೆ. ನಗಿಸುತ್ತದೆ, ಚೆನ್ನಾಗಿದೆ. ಆದರೆ ಅಮ್ಮನ ದನಿಯಲ್ಲಿ ಕರೆದರೆ ಏನು ಮಾಡೋದು ಅನ್ನುವ ಆ ಮೂಲದ ಚಳಿ ಅದರಲ್ಲಿಲ್ಲ.

ಪುಸ್ತಕ ಓದಿದವರದು ಬೇರೆಯೇ ಕಾಟ, ಒಪ್ಪಿಕೊಳ್ಳಬೇಕು. ಅವರು "ಈಗ ಬರತ್ತೆ" ಅನ್ನುವುದಿಲ್ಲ. "ಪುಸ್ತಕದಲ್ಲಿ ಹೀಗಿಲ್ಲ" ಅನ್ನುತ್ತಾರೆ. ಸ್ಟೀಫನ್ ಕಿಂಗ್‌ನ 'ದಿ ಶೈನಿಂಗ್' (1977) ಕಾದಂಬರಿಯಲ್ಲಿ ದೆವ್ವ ಕಾಡುವ ಹೋಟೆಲ್ ಕೋಣೆಯ ಸಂಖ್ಯೆ 217, ಕ್ಯೂಬ್ರಿಕ್‌ನ ಚಿತ್ರದಲ್ಲಿ (1980) 237. ಹೊರಾಂಗಣ ಚಿತ್ರೀಕರಿಸಿದ ಆರೆಗಾನ್‌ನ ಹೋಟೆಲಿನವರು, 217ರಲ್ಲಿ ಆಮೇಲೆ ಯಾರೂ ತಂಗಲಿಕ್ಕಿಲ್ಲ ಎಂದು ಹೆದರಿ, ತಮ್ಮಲ್ಲಿ ಇಲ್ಲದ ಸಂಖ್ಯೆ ಹಾಕಿಸಿದರು. ದೆವ್ವಕ್ಕೂ ಆಕ್ಯುಪೆನ್ಸಿ ಚಿಂತೆ. ಪುಸ್ತಕದಲ್ಲಿ ಹೆಂಡತಿ-ಮಗನನ್ನು ಕೊಲ್ಲಲು ಹೊರಟ ಅಪ್ಪನ ಕೈಯಲ್ಲಿರುವುದು ಮರದ ಸುತ್ತಿಗೆಯಂಥ ಆಟದ ಕೋಲು, ಚಿತ್ರದಲ್ಲಿ ಕೊಡಲಿ. ಪುಸ್ತಕದಲ್ಲಿ ಬಾಯ್ಲರ್ ಸಿಡಿದು ಹೋಟೆಲು ಉರಿಯುತ್ತದೆ, ಚಿತ್ರದಲ್ಲಿ ಹೋಟೆಲು ಹಾಗೇ ಇರುತ್ತದೆ, ಅಪ್ಪ ಹಿಮದಲ್ಲಿ ಮರಗಟ್ಟುತ್ತಾನೆ. ಬಿಸಿ ಕಥೆಯನ್ನು ತಣ್ಣಗೆ ಮಾಡಿದರೆಂದು ಕಿಂಗ್‌ಗೆ ಸಿಟ್ಟು. ನಮ್ಮ ಮತ ಕ್ಯೂಬ್ರಿಕ್‌ಗೇ: ಸಿಡಿದದ್ದು ಮರೆತುಹೋಗುತ್ತದೆ, ಮರಗಟ್ಟಿದ ಮುಖ ಹೋಗುವುದಿಲ್ಲ.

'ಡ್ರಾಕುಲಾ' (1897) ಓದಿದವರು ಇನ್ನೂ ಅಪಾಯ. ಬ್ರಾಮ್ ಸ್ಟೋಕರನ ರಕ್ತಪಿಶಾಚಿ ಕೌಂಟ್ ಡ್ರಾಕುಲಾ ಹಗಲಲ್ಲಿ ಲಂಡನ್ ಬೀದಿಯಲ್ಲಿ ಆರಾಮಾಗಿ ಓಡಾಡುತ್ತಾನೆ. ಬಿಸಿಲಿಗೆ ಸಾಯುವುದು 1922ರ 'ನೊಸ್ಫೆರಾಟು' ಕಟ್ಟಿದ ಕಥೆ. ಅದೂ ಹಕ್ಕು ಕೊಳ್ಳದೆ ತೆಗೆದ ಸಿನಿಮಾ. ಸ್ಟೋಕರನ ಹೆಂಡತಿ ಕೋರ್ಟಿಗೆ ಹೋಗಿ ಪ್ರತಿಗಳನ್ನು ಸುಡಿಸಲು ಆದೇಶ ತಂದರೂ ಒಂದೆರಡು ಉಳಿದುಕೊಂಡವು. ಮೂಲದ ಒಂದು ನಿಯಮ ಮಾತ್ರ ಅಪ್ಪಟ ನಮ್ಮೂರಿನದು: ಮನೆಯವರು ಬಾ ಅನ್ನದೆ ರಕ್ತಪಿಶಾಚಿ ಹೊಸ್ತಿಲು ದಾಟುವಂತಿಲ್ಲ.

'ಸೈಕೊ'ದ ಬಗ್ಗೆ ಯಾರೂ ಜಗಳ ತೆಗೆಯುವುದಿಲ್ಲ. ರಾಬರ್ಟ್ ಬ್ಲಾಕ್‌ನ 1959ರ ಕಾದಂಬರಿಯ ಕೊಲೆಗಾರ ನಾರ್ಮನ್ ನಲವತ್ತರ, ಕನ್ನಡಕ ಹಾಕಿದ ದಪ್ಪ ಆಳು. ಹಿಚ್‌ಕಾಕ್ ಸಿನಿಮಾದಲ್ಲಿ ಅವನ ಜಾಗಕ್ಕೆ ಸಣಕಲ, ನಾಚಿಕೆಯ, ಮನೆಗೆ ಕರೆದು ಕಾಫಿ ಕೊಡಬೇಕೆನ್ನಿಸುವ ಹುಡುಗನನ್ನು ತಂದ. ಸ್ನಾನದ ಮನೆಯ ಕೊಲೆಯ ದೃಶ್ಯಕ್ಕೆ 7 ದಿನ ಚಿತ್ರೀಕರಣ, ಇರುವುದು ಮುಕ್ಕಾಲು ನಿಮಿಷ, ರಕ್ತವೆಂದರೆ ಚಾಕೊಲೇಟ್ ಸಿರಪ್, ಚಾಕುವಿನ ಸದ್ದು ಕರಬೂಜಕ್ಕೆ ಚುಚ್ಚಿದ್ದು. ಇಷ್ಟೆಲ್ಲ ಗೊತ್ತಿದ್ದೂ ಸ್ನಾನಕ್ಕೆ ಹೋದವರು ಬಚ್ಚಲ ಬಾಗಿಲನ್ನು ಇನ್ನೊಮ್ಮೆ ಎಳೆದು ನೋಡುತ್ತಾರೆ.

ಹಿಂದೆ ನಮ್ಮಲ್ಲಿ ದೆವ್ವ ವಾರಕ್ಕೊಮ್ಮೆ ಬರುತ್ತಿತ್ತು. ವಾರಪತ್ರಿಕೆಯ ಧಾರಾವಾಹಿಯ ಪುಟಗಳನ್ನು ಕತ್ತರಿಸಿ, ದಬ್ಬಳದಲ್ಲಿ ತೂತು ಹಾಕಿ, ಗೋಣಿದಾರದಲ್ಲಿ ಹೊಲಿದು, ಹಳೆ ಕ್ಯಾಲೆಂಡರಿನ ರಟ್ಟು ಹಾಕುತ್ತಿದ್ದರು. ಒಂದು ಪುಟದಲ್ಲಿ ಮಾಟಗಾರ, ಅದರ ಬೆನ್ನಿಗೆ ಕೂದಲೆಣ್ಣೆ ಜಾಹೀರಾತು. ಯಂಡಮೂರಿ ವೀರೇಂದ್ರನಾಥರ ತೆಲುಗಿನ 'ತುಳಸಿದಳ' ಕನ್ನಡಕ್ಕೆ ಬಂದಾಗ ಸರ್ಕ್ಯುಲೇಟಿಂಗ್ ಲೈಬ್ರರಿಯ ಪ್ರತಿ ಕೈಯಿಂದ ಕೈಗೆ ಹೋಗಿ ಮೂಲೆಗಳೆಲ್ಲ ದುಂಡಗಾಗಿದ್ದವು. 1985ರಲ್ಲಿ ಅದು ಕನ್ನಡ ಸಿನಿಮಾವೂ ಆಯಿತು. ಕರೆಂಟು ಹೋದರೆ ಬುಡ್ಡಿದೀಪ ಹತ್ತಿರಕ್ಕೆಳೆದುಕೊಂಡು ಓದುವುದು, ಗಾಜಿಗೆ ಮಸಿ ಹಿಡಿದಂತೆ ಸಾಲುಗಳು ಮಂಕಾಗುವುದು. ಕೊನೆಯ ಕಂತಿನ ಪುಟವನ್ನು ಯಾರೋ ಹರಿದುಕೊಂಡಿರುತ್ತಿದ್ದರು. ಹೆದರಿಸಲು ಅಷ್ಟು ಸಾಕಿತ್ತು. ವಾಲ್ಯೂಮ್ ಎಷ್ಟಿಡಬೇಕು ಎಂದು ಯಾರೂ ಕೇಳುತ್ತಿರಲಿಲ್ಲ.

ಈಗ ಹನ್ನೆರಡೂವರೆಗೆ ಸಿನಿಮಾ ಮುಗಿಯುತ್ತದೆ. ಹೆಸರುಗಳು ಓಡುತ್ತಿರುವಾಗಲೇ ಆ್ಯಪು ಮುಂದಿನ ಹಾಸ್ಯಚಿತ್ರವನ್ನು ಐದು, ನಾಲ್ಕು, ಮೂರು ಎಂದು ಎಣಿಸತೊಡಗುತ್ತದೆ. ಎಲ್ಲರಿಗೂ ಒಟ್ಟಿಗೇ ಬಚ್ಚಲಿಗೆ ಹೋಗಬೇಕು, ಹಾಲಿನ ದೀಪ ಆರಿಸುವವರು ಮಾತ್ರ ಯಾರೂ ಇಲ್ಲ. ಚಿಕ್ಕಪ್ಪ ಆಕಳಿಸುತ್ತಾ, "ಏನೂ ಇಲ್ಲ, ದಂಡದ ಸಿನಿಮಾ, ಒಂದು ಸಲಾನೂ ಹೆದರಿಕೆ ಆಗ್ಲಿಲ್ಲ" ಎಂದು ಎದ್ದು ಕೋಣೆಗೆ ಹೋಗುತ್ತಾರೆ. ಐದು ನಿಮಿಷವಾದ ಮೇಲೆ ಕತ್ತಲಲ್ಲಿ, ಹೊದಿಕೆಯೊಳಗಿಂದ ದನಿ:

"ಲೇ, ಬಾಗಿಲಿಗೆ ಮೇಲಿನ ಚಿಲಕ ಹಾಕಿದೀಯಾ?"