ಎಎಂ ರೇಡಿಯೊ ಇನ್ನೂ ಸತ್ತಿಲ್ಲ ಸಾರ್

ಎಎಂ, ಅಂದರೆ ಮೀಡಿಯಂ ವೇವ್ ರೇಡಿಯೊ ಕಾಲ ಮುಗಿಯಿತು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಒಮ್ಮೆ ಅಮೆರಿಕದ ನ್ಯಾಶ್‌ವಿಲ್‌ನ ಡಬ್ಲ್ಯುಎಸ್‌ಎಂ ಸ್ಟೇಷನ್ ಕೇಳಿ ನೋಡಿ. 650 ಕಿಲೋಹರ್ಟ್ಸ್, ಕಂಟ್ರಿ ಸಂಗೀತದ, ಅಂದರೆ ಅಮೆರಿಕದ ಹಳ್ಳಿ ಸೊಗಡಿನ ಹಾಡುಗಳ ತವರುಮನೆ.

1925ರಲ್ಲಿ ಇದನ್ನು ಶುರು ಮಾಡಿದ್ದು ಒಂದು ಇನ್ಶೂರೆನ್ಸ್ ಕಂಪನಿ! ‘ಲಕ್ಷಾಂತರ ಜನರಿಗೆ ನಾವೇ ರಕ್ಷಣೆ’ (We Shield Millions) ಎನ್ನುವ ಅವರ ಘೋಷಣೆಯ ಇಂಗ್ಲಿಷ್ ಮೊದಲಕ್ಷರಗಳೇ ಸ್ಟೇಷನ್ ಹೆಸರು. ಜಾಹೀರಾತು ಅಂದ್ರೆ ಹೀಗಿರಬೇಕು, ಅಲ್ವಾ?

ಅದೇ ವರ್ಷ ಶುರುವಾದ ಶನಿವಾರದ ಹಳ್ಳಿ ಹಾಡುಗಳ ಕಾರ್ಯಕ್ರಮಕ್ಕೆ 1927ರಲ್ಲಿ ನಿರೂಪಕ ಜಾರ್ಜ್ ಹೇ ತಮಾಷೆಗೆ ‘ಗ್ರ್ಯಾಂಡ್ ಓಲ್ ಆಪ್ರಿ’ ಅಂದರು. ಆ ಕಾರ್ಯಕ್ರಮಕ್ಕೆ ಸ್ವಲ್ಪ ಮುಂಚೆ ಗಂಭೀರವಾದ ‘ಗ್ರ್ಯಾಂಡ್ ಒಪೆರಾ’ ಸಂಗೀತ ಬರುತ್ತಿತ್ತು, ಅದನ್ನೇ ಹಳ್ಳಿ ಮಾತಿನಲ್ಲಿ ‘ಆಪ್ರಿ’ ಮಾಡಿದ ಕೀಟಲೆ ಇದು. ಹೆಸರು ಅಂಟಿಕೊಂಡಿತು, ಕಾರ್ಯಕ್ರಮ ಇವತ್ತಿಗೂ ನಡೆಯುತ್ತಿದೆ.

ನ್ಯಾಶ್‌ವಿಲ್ ಪಕ್ಕದ ಬ್ರೆಂಟ್‌ವುಡ್ ಹತ್ತಿರ ಹೆದ್ದಾರಿಯಲ್ಲಿ ಹೋದರೆ ಸ್ಟೇಷನ್ನಿನ ಟವರ್ ಕಾಣುತ್ತದೆ. 800 ಅಡಿಗೂ ಜಾಸ್ತಿ ಎತ್ತರ. ನಡುವೆ ದಪ್ಪ, ಎರಡೂ ತುದಿ ಚೂಪು, ಥೇಟ್ ನೂಲು ಸುತ್ತಿದ ಕದಿರಿನ ಹಾಗೆ. 50 ಕಿಲೋವ್ಯಾಟ್ ಶಕ್ತಿ. ಕತ್ತಲಾದ ಮೇಲೆ ಅಲೆಗಳು ಆಕಾಶದ ಮೇಲ್ಪದರಕ್ಕೆ ತಾಗಿ ವಾಪಸ್ ಬಂದು ಎಷ್ಟೋ ರಾಜ್ಯ ದಾಟುತ್ತವೆ.

ಒಹಾಯೊದಲ್ಲಿದ್ದಾಗ ರಾತ್ರಿ ಕಾರಿನಲ್ಲಿ ಸುಮ್ನೆ ಗುಂಡಿ ತಿರುಗಿಸುತ್ತಿದ್ದೆ. ಕರಕರ ಸದ್ದಿನ ನಡುವೆ ಡಬ್ಲ್ಯುಎಸ್‌ಎಂನ ಪಿಟೀಲು ಕೇಳಿಸಿತು. ಸೇತುವೆ ಕೆಳಗೆ ಹೋದಾಗ ಮಾಯ, ಆಚೆ ಬಂದಾಗ ಮತ್ತೆ ಹಾಜರು. ಮನೆ ಮುಂದೆ ಗಾಡಿ ನಿಲ್ಲಿಸಿ ಹಾಡು ಮುಗಿಯುವವರೆಗೂ ಕೂತಿದ್ದೆ. ಹೆಂಡತಿ ಕಿಟಕಿಯಿಂದ ನೋಡುತ್ತಿದ್ದಳು.