ಪುಕ್ಕಟೆ ಸಿನಿಮಾದ ಬಾಡಿಗೆ

ವಿದ್ಯಾರ್ಥಿಗಳ ಕಿರುಚಿತ್ರಕ್ಕೂ ಒಬ್ಬ ನಿರ್ಮಾಪಕ ಇರುತ್ತಾನೆ. ದುಡ್ಡು ಹಾಕುವವನಲ್ಲ, ಯಾರ ಹತ್ತಿರ ಏನಿದೆ ಅಂತ ಗೊತ್ತಿರುವವನು. ಕ್ಯಾಮೆರಾ ಸೀನಿಯರ್‌ದು, ಟ್ರೈಪಾಡ್ ಸೀನಿಯರ್‌ನ ಸ್ನೇಹಿತನದು, ಮನೆ ನಾಯಕಿಯ ಚಿಕ್ಕಮ್ಮನದು, ನಟರು ಹಾಸ್ಟೆಲಿನವರು. ಒಂದಕ್ಕೂ ದುಡ್ಡು ಕೊಡಬೇಕಿಲ್ಲ. ಆದರೆ ಪುಕ್ಕಟೆ ಬಂದ ಪ್ರತಿಯೊಂದೂ ತನ್ನ ಬಾಡಿಗೆಯನ್ನು ಬೇರೆ ದಾರಿಯಲ್ಲಿ ವಸೂಲು ಮಾಡಿಕೊಂಡೇ ಹೋಗುತ್ತದೆ.

ಚಿತ್ರಕಥೆಯಿಂದಲೇ ಶುರು. ಒಂದು ಪುಟಕ್ಕೆ ಒಂದು ನಿಮಿಷ ಅನ್ನುವುದು ಸಿನಿಮಾದವರ ಹಳೇ ಲೆಕ್ಕ. 10 ನಿಮಿಷದ ಚಿತ್ರಕ್ಕೆ 22 ಪುಟ ಬರೆದುಕೊಂಡು ಬಂದ ನಿರ್ದೇಶಕ, ‘ಸ್ವಲ್ಪ ಸ್ಪೀಡಾಗಿ ಮಾತಾಡಿಸಿದ್ರೆ ಆಯ್ತು’ ಅನ್ನುತ್ತಾನೆ. ದಿನಕ್ಕೆ 4–5 ಪುಟ ಮುಗಿದರೆ ಹೊಸಬರಿಗೆ ಅದೇ ದೊಡ್ಡದು. ‘ಮಳೆಯಲ್ಲಿ ಅವನು ಓಡುತ್ತಾನೆ’ ಅನ್ನುವ ಒಂದು ಸಾಲಿದ್ದರೆ ಅದನ್ನು ಈಗಲೇ ಹೊಡೆದುಹಾಕಿ, ಕ್ಯಾಮೆರಾ ಕೊಟ್ಟ ಸೀನಿಯರ್ ನಿಮಗೆ ಆಶೀರ್ವಾದ ಮಾಡುತ್ತಾನೆ.

ಚಿತ್ರೀಕರಣ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ, ಜಾಗದ ಕ್ರಮದಲ್ಲಿ ನಡೆಯುತ್ತದೆ. ಹಾಗಾಗಿ ನಾಯಕ ಈ ಶನಿವಾರ ಹೊರಗಿನಿಂದ ಬಾಗಿಲು ತಳ್ಳಿದರೆ, ಒಳಗೆ ಕಾಲಿಡುವುದು ಮುಂದಿನ ಶನಿವಾರ. ತಳ್ಳುವಾಗ ಮೀಸೆ ಇತ್ತು, ಒಳಗೆ ಬರುವಾಗ ಇಲ್ಲ. ಕೇಳಿದರೆ ‘ಇಂಟರ್‌ವ್ಯೂ ಇತ್ತು ಕಣೋ’ ಅನ್ನುತ್ತಾನೆ. ಸಂಬಳ ಕೊಡದವರು ಮೀಸೆಯ ಮೇಲೆ ಹಕ್ಕು ಸಾಧಿಸುವ ಹಾಗಿಲ್ಲ. ಮುಖ್ಯ ನಟನ ದೃಶ್ಯಗಳನ್ನೆಲ್ಲ ಬೆನ್ನುಬೆನ್ನಿಗೆ ಎರಡು ದಿನದಲ್ಲಿ ಮುಗಿಸುವುದೊಂದೇ ದಾರಿ. ಜೊತೆಗೆ ಪ್ರತಿ ಶಾಟ್ ಮುಗಿದ ತಕ್ಷಣ ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ: ತೋಳು ಎಷ್ಟು ಮಡಚಿತ್ತು, ವಾಚು ಯಾವ ಕೈಯಲ್ಲಿತ್ತು, ಲೋಟದಲ್ಲಿ ನೀರು ಎಲ್ಲಿವರೆಗಿತ್ತು. ಇಲ್ಲದಿದ್ದರೆ ನಾಯಕಿ ನೀರು ಕುಡಿಯುತ್ತಾ ಹೋದ ಹಾಗೆ ಲೋಟ ತುಂಬುತ್ತಾ ಬರುತ್ತದೆ.

ಚಿತ್ರ ಸ್ವಲ್ಪ ಮಬ್ಬಾದರೆ ‘ಕಲಾತ್ಮಕ’ ಅಂತ ಹೇಳಿಕೊಂಡು ತಪ್ಪಿಸಿಕೊಳ್ಳಬಹುದು. ಮಾತು ಕೇಳಿಸದಿದ್ದರೆ ಯಾವ ಸಬೂಬೂ ನಡೆಯುವುದಿಲ್ಲ. ಆದರೂ ತಂಡದಲ್ಲಿ ಐದು ಜನ ಕ್ಯಾಮೆರಾ ಸುತ್ತ ನಿಂತಿರುತ್ತಾರೆ, ಮೈಕ್ ಹಿಡಿಯುವ ಕೆಲಸ ತಡವಾಗಿ ಬಂದವನ ಪಾಲಿಗೆ ಬೀಳುತ್ತದೆ.

ಚಿಕ್ಕಮ್ಮನ ಮನೆಯಲ್ಲಿ ಮೊದಲ ಖಳನಾಯಕ ಫ್ರಿಜ್ಜು. ಅದು ಸದಾ ಗುಂಯ್ ಅನ್ನುತ್ತಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಕಂಪ್ರೆಸರ್ ತನಗೆ ಮನಸ್ಸು ಬಂದಾಗ ಶುರುವಾಗಿ, ಮನಸ್ಸು ಬಂದಾಗ ನಿಲ್ಲುತ್ತದೆ. ಎಡಿಟ್‌ನಲ್ಲಿ ಎರಡು ಟೇಕ್ ಜೋಡಿಸಿದಾಗ ನಾಯಕ ಮಾತಾಡಿದರೆ ಗುಂಯ್, ನಾಯಕಿ ಮಾತಾಡಿದರೆ ನಿಶ್ಶಬ್ದ. ಹಾಗಾಗಿ ಫ್ರಿಜ್ ಆಫ್ ಮಾಡಿ, ಬೈಕಿನ ಕೀ ಅದರೊಳಗೇ ಇಡಿ. ಮನೆಗೆ ಹೊರಡಬೇಕಾದರೆ ಕೀ ಬೇಕು, ಕೀ ಬೇಕಾದರೆ ಫ್ರಿಜ್ ತೆಗೆಯಬೇಕು, ತೆಗೆದಾಗ ಒಳಗೆ ಕತ್ತಲು ಕಂಡು ಸ್ವಿಚ್ ನೆನಪಾಗುತ್ತದೆ. ಕೀ ಜೇಬಿನಲ್ಲೇ ಉಳಿದರೆ ಮರುದಿನ ಫೋನ್ ಮಾಡುವವರು ಚಿಕ್ಕಮ್ಮ.

ಫ್ಯಾನೂ ಆಫ್. ಹತ್ತು ನಿಮಿಷದಲ್ಲಿ ವಿರಹದ ದೃಶ್ಯದಲ್ಲಿರುವವರ ಹಣೆಯಲ್ಲಿ ಬೆವರು. ಟೇಕ್ ನಡುವೆ ಫ್ಯಾನ್ ಹಾಕಿ, ‘ಆ್ಯಕ್ಷನ್’ಗೆ ಮೊದಲು ಆರಿಸಿ, ರೆಕ್ಕೆ ಪೂರ್ತಿ ನಿಲ್ಲುವವರೆಗೆ ಕಾಯಿರಿ. ಈ ಕಾಯುವ ಹೊತ್ತನ್ನು ಯಾರ ವೇಳಾಪಟ್ಟಿಯಲ್ಲೂ ಬರೆದಿರುವುದಿಲ್ಲ.

ಕ್ಯಾಮೆರಾದ ಮೇಲಿನ ಮೈಕನ್ನು ನಂಬಿ ಕೂರಬೇಡಿ. ದೂರ ಇಮ್ಮಡಿಯಾದರೆ ದನಿ ಸುಮಾರು 6 ಡೆಸಿಬಲ್ ಇಳಿಯುತ್ತದೆ, ಗೋಡೆಯ ಪ್ರತಿಧ್ವನಿ ಮಾತ್ರ ಇದ್ದಲ್ಲೇ ಇರುತ್ತದೆ. ಆಗ ಮಾತೆಲ್ಲ ಬಚ್ಚಲುಮನೆಯಿಂದ ಬಂದ ಹಾಗೆ ಕೇಳುತ್ತದೆ. ಅದಕ್ಕಿಂತ ಬಾಯಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದ ಅಗ್ಗದ ಕಾಲರ್ ಮೈಕೇ ವಾಸಿ. ಬಟ್ಟೆ ಹತ್ತಿಯದಿರಲಿ, ಸಿಂಥೆಟಿಕ್ ದುಪಟ್ಟಾ ಮೈಕಿಗೆ ಉಜ್ಜಿದರೆ ಪ್ರೇಮ ನಿವೇದನೆಯ ಹಿನ್ನೆಲೆಯಲ್ಲಿ ಯಾರೋ ಚಿಪ್ಸ್ ಪೊಟ್ಟಣ ಬಿಚ್ಚುತ್ತಿರುತ್ತಾರೆ. ರೆಕಾರ್ಡರಿನ ಮೀಟರಿನಲ್ಲಿ 0 ಅಂದರೆ ದನಿ ಒಡೆಯುವ ಗಡಿ, ಮಾತಿನ ಗರಿಷ್ಠ ಮಟ್ಟ –12 ಡೆಸಿಬಲ್ ಆಸುಪಾಸಿಗೆ ಬರುವಂತೆ ಇಟ್ಟುಕೊಳ್ಳಿ. ಕಿರುಚುವ ದೃಶ್ಯವಿದ್ದರೆ ರಿಹರ್ಸಲ್‌ನಲ್ಲೇ ನಿಜವಾಗಿ ಕಿರುಚಿಸಿ ನೋಡಿ. ರಿಹರ್ಸಲ್‌ನಲ್ಲಿ ಪಿಸುಗುಟ್ಟಿ ಟೇಕ್‌ನಲ್ಲಿ ಗುಡುಗುವ ನಟರೇ ಜಾಸ್ತಿ, ಒಡೆದ ದನಿಯನ್ನು ಆಮೇಲೆ ಯಾವ ಸಾಫ್ಟ್‌ವೇರೂ ಪೂರ್ತಿ ಕೂಡಿಸಲಾರದು.

ಜಾಗ ಬಿಡುವ ಮೊದಲು 30 ಸೆಕೆಂಡು ಖಾಲಿ ಕೋಣೆಯ ಸದ್ದು ರೆಕಾರ್ಡ್ ಮಾಡಬೇಕು. ಇದಕ್ಕೆ ರೂಮ್ ಟೋನ್ ಅಂತಾರೆ. ಮಾತುಗಳ ನಡುವಿನ ತೇಪೆಗೆ ಬೇಕಾಗುತ್ತದೆ. ಎಲ್ಲರೂ ಅಲ್ಲಾಡದೆ ನಿಲ್ಲಬೇಕು. ಹನ್ನೆರಡನೇ ಸೆಕೆಂಡಿಗೆ ಒಬ್ಬನ ಹೊಟ್ಟೆ ಗುರ್ ಅನ್ನುತ್ತದೆ, ಇಪ್ಪತ್ತನೆಯದಕ್ಕೆ ಒಬ್ಬಳು ಕಿಸಕ್ ಅನ್ನುತ್ತಾಳೆ. ಮತ್ತೆ ಮೊದಲಿಂದ.

ಫೋನಿನಲ್ಲೇ ಚಿತ್ರ ತೆಗೆಯುವವರಿಗೆ ಎರಡು ಮಾತು. ಮೊದಲು ಏರೋಪ್ಲೇನ್ ಮೋಡ್, ಯಾಕೆಂದರೆ ಕ್ಲೈಮ್ಯಾಕ್ಸ್ ಟೇಕ್‌ನಲ್ಲೇ ಸಾಲ ಬೇಕಾ ಅಂತ ಕೇಳುವ ಕಾಲ್ ಬರುತ್ತದೆ. ಎರಡನೆಯದು, ಬಹಳಷ್ಟು ಫೋನುಗಳ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ತೆಗೆಯುವ ಚಿತ್ರಗಳ ಲೆಕ್ಕ, ಸ್ಥಿರವಾಗಿರುವುದಿಲ್ಲ. ಟೇಕಿನ ಶುರುವಿನಲ್ಲಿ ಚಪ್ಪಾಳೆ ಹೊಡೆದು ಬೇರೆ ರೆಕಾರ್ಡರಿನ ದನಿಯನ್ನು ಸರಿಯಾಗಿಯೇ ಜೋಡಿಸಿರುತ್ತೀರಿ, ನಾಲ್ಕು ನಿಮಿಷ ಕಳೆಯುವಷ್ಟರಲ್ಲಿ ತುಟಿ ಒಂದು ಕಡೆ ಮಾತು ಇನ್ನೊಂದು ಕಡೆ. ಎಡಿಟ್‌ಗೆ ಮೊದಲೇ ಫೈಲುಗಳನ್ನು ಸ್ಥಿರ ಫ್ರೇಮ್ ರೇಟಿಗೆ ಬದಲಾಯಿಸಿಕೊಂಡರೆ ಈ ಜಗಳವಿಲ್ಲ.

ಬೆಳಕಿನ ವಿಷಯ ಇಷ್ಟೇ: ಕರೆಂಟು 50 ಹರ್ಟ್ಸ್ ಇರುವ ಕಡೆ ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡು, 60 ಇದ್ದರೆ 1/60. ಇಲ್ಲದಿದ್ದರೆ ಟ್ಯೂಬ್‌ಲೈಟ್ ಪಟಪಟ ಮಿನುಗಿ ಸಂಸಾರದ ಕಥೆ ದೆವ್ವದ ಕಥೆಯಾಗುತ್ತದೆ. ಅದೇ ಶಟರ್ ಇಟ್ಟುಕೊಂಡು ನಡು ಮಧ್ಯಾಹ್ನ ಹೊರಗೆ ಲೆನ್ಸಿನ ಕಿಂಡಿ ಅಗಲ ತೆರೆದು ಎಫ್ 2.8ರಲ್ಲಿ ತೆಗೆಯಬೇಕಾದರೆ, ಬೆಳಕಿನ ಸಂವೇದನೆಯನ್ನು ಐಎಸ್ಒ 100ಕ್ಕೆ ಇಳಿಸಿದರೂ ಸುಮಾರು ಆರು ಸ್ಟಾಪ್, ಅಂದರೆ 64 ಪಟ್ಟು, ಬೆಳಕು ಹೆಚ್ಚಾಗುತ್ತದೆ. ಲೆನ್ಸಿಗೆ ಕಪ್ಪು ಕನ್ನಡಕದಂಥ ಎನ್‌ಡಿ 64 ಫಿಲ್ಟರ್ ಬೇಕು. ಅದಿಲ್ಲದವರು ಮರದ ನೆರಳು ಹುಡುಕಲಿ. ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು) ಆಟೋದಲ್ಲಿ ಬಿಟ್ಟರೆ ನಾಯಕನಿಗೆ ಒಂದೇ ಸಂಭಾಷಣೆಯಲ್ಲಿ ಕಾಮಾಲೆ ಬಂದು ವಾಸಿಯಾಗುತ್ತದೆ. ಥರ್ಮೊಕೋಲ್ ಹಾಳೆ ಒಳ್ಳೆಯ ರಿಫ್ಲೆಕ್ಟರ್, ಗಾಳಿ ಬೀಸುವವರೆಗೆ.

ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ 4ಕೆ ತೆಗೆದರೆ ಗಂಟೆಗೆ 45 ಜಿಬಿ. 64 ಜಿಬಿ ಕಾರ್ಡು ಒಂದೂವರೆ ಗಂಟೆಯೂ ಬಾಳುವುದಿಲ್ಲ. ಆಗ ಯಾರೋ ಅವಸರದಲ್ಲಿ ಕಾರ್ಡ್ ಫಾರ್ಮ್ಯಾಟ್ ಮಾಡುತ್ತಾರೆ, ನಂತರ ‘ನೀನು ಕಾಪಿ ಮಾಡಿದೀಯ ಅಂದ್ಕೊಂಡೆ’ ಅನ್ನುವ ಡೈಲಾಗು ಬರುತ್ತದೆ. ಚಿತ್ರದ ಇತರ ಸಂಭಾಷಣೆಗಿಂತ ಇದರಲ್ಲಿ ಭಾವ ಜಾಸ್ತಿ ಇರುತ್ತದೆ. ಕಾರ್ಡಿನ ಹೊಣೆ ಒಬ್ಬರಿಗೇ ಇರಲಿ. ಎರಡು ಬೇರೆ ಡ್ರೈವ್‌ಗೆ ಕಾಪಿಯಾಗಿ, ಕೊನೆಯ ಫೈಲನ್ನು ಪೂರ್ತಿ ಓಡಿಸಿ ನೋಡುವವರೆಗೆ ಆ ಕಾರ್ಡಿನ ಮೇಲೆ ಅಂಟುಪಟ್ಟಿ ಇರಲಿ.

ಎಡಿಟಿಂಗ್ ಬಗ್ಗೆ ಬರೆಯುವುದು ಕಡಿಮೆ, ‘ಫೈನಲ್’, ‘ಫೈನಲ್ 2’, ‘ಇದೇ ಫೈನಲ್’ ಅನ್ನುವ ಫೈಲುಗಳನ್ನು ಕಂಡವರಿಗೆ ಎಲ್ಲಾ ಗೊತ್ತು. ಕನ್ನಡ ಟೈಟಲ್ ಕಾರ್ಡ್ ಮಾತ್ರ ಕಣ್ಣಿಟ್ಟು ನೋಡಿ. ಕೆಲವು ಸಾಫ್ಟ್‌ವೇರುಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಟೆಕ್ಸ್ಟ್ ಎಂಜಿನ್ ಬೇರೆಯಾಗಿ ಆರಿಸಬೇಕು, ಇಲ್ಲದಿದ್ದರೆ ಒತ್ತಕ್ಷರಗಳೆಲ್ಲ ಕಳಚಿ ಸಾಲಾಗಿ ನಿಲ್ಲುತ್ತವೆ, ‘ಕೃತಜ್ಞತೆ’ಯಲ್ಲಿ ಚಿಕ್ಕಮ್ಮನ ಹೆಸರು ಚಿಕ್ಕಮ್ಮನಿಗೇ ಓದಲಾಗುವುದಿಲ್ಲ.

ಪ್ರದರ್ಶನಕ್ಕೆ ಎಚ್.264ರ ಎಂಪಿ4 ಒಂದು ಪ್ರತಿ ಇರಲಿ. ಸಭಾಂಗಣದ ಹಳೇ ಲ್ಯಾಪ್‌ಟಾಪಿಗೆ ಹೊಸ ಕೋಡೆಕ್‌ಗಳ (ವಿಡಿಯೋ ಕುಗ್ಗಿಸಿಡುವ ವಿಧಾನಗಳ) ಪರಿಚಯ ಇರುವುದಿಲ್ಲ. ಹಾಗೆಯೇ, ಎರಡು ಕಾಲರ್ ಮೈಕುಗಳು ಒಂದೇ ರಿಸೀವರಿನಲ್ಲಿದ್ದರೆ ಒಂದು ಎಡ ಚಾನೆಲ್ಲಿಗೂ ಇನ್ನೊಂದು ಬಲಕ್ಕೂ ರೆಕಾರ್ಡ್ ಆಗಿರಬಹುದು. ಎಕ್ಸ್‌ಪೋರ್ಟ್‌ಗೆ ಮುಂಚೆ ಎರಡನ್ನೂ ಮೊನೋ ಮಾಡಿ ಮಧ್ಯಕ್ಕೆ ತನ್ನಿ, ಅಂದರೆ ಎರಡೂ ಕಡೆ ಒಂದೇ ದನಿ ಕೇಳಬೇಕು. ಮರೆತರೆ ಗಂಡ ಹೆಂಡತಿಯ ಜಗಳದಲ್ಲಿ ಎಡಗಡೆ ಕೂತವರಿಗೆ ಗಂಡನ ವಾದ ಜೋರು, ಬಲಗಡೆಯವರಿಗೆ ಹೆಂಡತಿಯದು. ಪ್ರದರ್ಶನ ಮುಗಿದ ಮೇಲೆ ತಪ್ಪು ಯಾರದು ಅಂತ ಪ್ರೇಕ್ಷಕರಲ್ಲೇ ಎರಡು ಪಕ್ಷ.