ಹಪ್ಪಳಕ್ಕೆ ರೇಟು ಹಾಕಿದ ಒಂಬತ್ತನೇ ಕ್ಲಾಸು

ಶಿರಸಿಯಲ್ಲಿ ಯಾವ ಅಂಗಡಿ ಕಟ್ಟೆ ಮೇಲೆ ಕೂತರೂ ಒಂದೇ ರಾಗ. "ಕೆಲಸಕ್ಕೆ ಜನ ಸಿಗಲ್ಲ ಮಾರಾಯ್ರೇ, ಸಿಕ್ಕಿದ ಹುಡುಗರಿಗೆ ಏನೂ ಬರಲ್ಲ." ನಾನೂ ಇದನ್ನೇ ಹಾಡಿದವನು. ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವ ಸಣ್ಣ ಘಟಕ ನನ್ನದು.

ಎರಡು ವರ್ಷದ ಹಿಂದೆ ಹತ್ತಿರದ ಪ್ರೌಢಶಾಲೆಯವರು ಕರೆದು ಭಾಷಣ ಮಾಡಿಸಿದರು. ಕಷ್ಟಪಡಿ, ಕನಸು ಕಾಣಿ ಅಂತ ಮುಕ್ಕಾಲು ಗಂಟೆ ಕೊರೆದೆ. ಹಿಂದಿನ ಸಾಲಿನ ಹುಡುಗ ಆಕಳಿಸಿದ್ದು ಇನ್ನೂ ನೆನಪಿದೆ. ಪಾಪ, ತಪ್ಪು ಅವನದಲ್ಲ.

ಕಳೆದ ನವೆಂಬರಿನಲ್ಲಿ ಮತ್ತೆ ಕರೆದಾಗ, "ಮಕ್ಕಳನ್ನೇ ಇಲ್ಲಿಗೆ ಕಳಿಸಿ ಸರ್" ಅಂದೆ. ಒಂಬತ್ತನೇ ಕ್ಲಾಸಿನ 14 ಮಕ್ಕಳು ಬಂದರು. ಹಲಸಿನ ಹಪ್ಪಳದ ಕಟ್ಟು ಮುಂದಿಟ್ಟು, "ಇದಕ್ಕೆ ರೇಟು ನೀವೇ ಹಾಕಿ" ಅಂದೆ. ಉಪ್ಪು, ಮೆಣಸು, ಕೊತ್ತಂಬರಿ, ಪ್ಲಾಸ್ಟಿಕ್ ಕವರ್ ಎಲ್ಲ ಬರೆದರು. ಹಲಸಿನಕಾಯಿ ಎದುರು ಸೊನ್ನೆ, ಯಾಕಂದ್ರೆ ಅದು "ಮನೆದು". ಲೆಕ್ಕ ಕೂಡಿಸಿ ಹೇಳಿದ ರೇಟಿಗೆ ಮಾರಿದ್ರೆ ನಾನು ಒಂದೇ ತಿಂಗಳಲ್ಲಿ ಬಾಗಿಲು ಹಾಕಬೇಕಿತ್ತು. ಮೂಲೆಯಲ್ಲಿ ಪ್ಯಾಕ್ ಮಾಡುತ್ತಿದ್ದ ನಮ್ಮ ಅಕ್ಕ ನಕ್ಕುಬಿಟ್ಟರು. "ಹಂಗಾದ್ರೆ ನಂಗೆ ಪಗಾರ ಯಾರು ಕೊಡ್ತಾರೋ ತಮಾ?"

ಆಮೇಲೆ ಪಟ್ಟಿ ಬೆಳೆಯಿತು. ಮರ ಹತ್ತಿ ಕಾಯಿ ಇಳಿಸಿದವನ ಕೂಲಿ. ಬೇಯಿಸೋಕೆ ಉರಿಸಿದ ಸೌದೆ. ಮೋಡ ಬಂದು ಒಣಗದೆ ಹಾಳಾದದ್ದು, ಮುರಿದದ್ದು, ಅಂಗಡಿಯವರ ಕಮಿಷನ್. ಅಷ್ಟರಲ್ಲಿ ಒಬ್ಬ ಹುಡುಗಿ, "ಅಂಗಡಿಯವರು ದುಡ್ಡು ಯಾವಾಗ ಕೊಡ್ತಾರೆ?" ಅಂದಳು. ತಿಂಗಳಾಗುತ್ತೆ ಅಂದೆ. "ಅಲ್ಲಿವರೆಗೆ ನೀವೇನು ಮಾಡ್ತೀರಿ?"

ಇದು ಬ್ಯಾಂಕ್ ಮ್ಯಾನೇಜರ್ ಕೇಳುವ ಪ್ರಶ್ನೆ. ನನ್ನ ಭಾಷಣದಿಂದ ಇದು ಹುಟ್ಟುತ್ತಿರಲಿಲ್ಲ ಅಲ್ವಾ?

ಸರ್ಕಾರದ ಕಡೆಯಿಂದ ಏನೂ ಇಲ್ಲ ಅಂತಲ್ಲ. ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ 9ನೇ ತರಗತಿಯಿಂದ ಎನ್‌ಎಸ್‌ಕ್ಯೂಎಫ್ ಅನ್ನುವ ವೃತ್ತಿ ಕೌಶಲದ ವಿಷಯಗಳಿವೆ: ಐಟಿ, ಆಟೊಮೊಬೈಲ್, ರಿಟೇಲ್ ಹೀಗೆ. ತೃತೀಯ ಭಾಷೆಯ ಬದಲು ಆರಿಸಿಕೊಳ್ಳಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಂತೂ 6ರಿಂದ 8ನೇ ತರಗತಿಯ ಮಕ್ಕಳು 10 ದಿನ ಬ್ಯಾಗ್ ಬಿಟ್ಟು ಊರಿನ ಬಡಗಿ, ಕುಂಬಾರರ ಹತ್ತಿರ ಕಲಿಯಬೇಕು ಅಂತಿದೆ. ನಮ್ಮ ರಾಜ್ಯ ಆ ನೀತಿ ಬೇಡ ಅಂದಿದೆ, ಅದು ಬೇರೆ ಜಗಳ. ನಾನು ಕೇಳೋದು ಇಷ್ಟೆ: ಮಕ್ಕಳು ಬರ್ತೀವಿ ಅಂದ್ರೆ ಬಾಗಿಲು ತೆಗೆಯೋಕೆ ನಾವು ತಯಾರಿದ್ದೀವಾ?

ನಮ್ಮೂರಿನ ಅಡಿಕೆಯನ್ನೇ ನೋಡಿ. ಶಿರಸಿ ಅಡಿಕೆಗೆ 2019ರಲ್ಲೇ ಜಿಐ, ಅಂದ್ರೆ ಊರಿನ ಹೆಸರಿನ ಅಧಿಕೃತ ಗುರುತು ಸಿಕ್ಕಿದೆ. ಸಹಕಾರಿ ವ್ಯಾಪಾರಕ್ಕೆ ಇಲ್ಲಿ 100 ವರ್ಷದ ಇತಿಹಾಸ ಇದೆ, ಟಿಎಸ್‌ಎಸ್ ಅನ್ನುವ ಅಡಿಕೆ ಬೆಳೆಗಾರರ ಸಹಕಾರಿ ಸಂಘ ಶುರುವಾದದ್ದು 1923ರಲ್ಲಿ. ಅಡಿಕೆ ಸುಲಿಯೋದು ಗೊತ್ತಿರುವ ಮಕ್ಕಳು ಬೇಕಾದಷ್ಟಿದ್ದಾರೆ. ಆದರೆ ಚಾಲಿ, ಬಿಳೆಗೋಟು ಅಂತ ಅಡಿಕೆಯ ಒಂದೊಂದು ಬಗೆಗೆ ಒಂದೊಂದು ರೇಟು ಯಾಕೆ, ಟೆಂಡರ್ ಹೇಗೆ ನಡೆಯುತ್ತೆ ಅಂದ್ರೆ ಅಪ್ಪನ ಮುಖ ನೋಡ್ತಾರೆ. ಕಾರವಾರದ ಕಡೆಯೂ ಇದೇ ಕಥೆ. ಕೈಗಾ ಅಣು ವಿದ್ಯುತ್ ಸ್ಥಾವರ, ಸೀಬರ್ಡ್ ನೌಕಾನೆಲೆ ಅಂದ್ರೆ ಪರ್ಮನೆಂಟ್ ನೌಕರಿಯ ಕನಸು. ಬೈತಖೋಲ ಬಂದರಿನಲ್ಲಿ ಬೆಳಿಗ್ಗೆ ಮೀನಿನ ದರ ಹೇಗೆ ಕುದುರುತ್ತೆ ಅಂತ ಮಕ್ಕಳಿಗೆ ತೋರಿಸೋರು ಯಾರು?

ಅಂಗಡಿ ಮಾಲೀಕರಿಗೆ ಒಂದು ಹೆದರಿಕೆ ಇದೆ: ಬಾಲಕಾರ್ಮಿಕ ಕೇಸು. ಅದು ಸುಮ್ನೆ ಅಲ್ಲ. 14ರ ಒಳಗಿನವರನ್ನು ದುಡಿಸುವಂತಿಲ್ಲ, 18ರ ಒಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಕಾನೂನು ಹಾಗೇ ಇರಬೇಕು. ಇಲ್ಲದಿದ್ರೆ 'ಕಲಿಕೆ' ಅಂತ ಹೇಳಿ ಪುಕ್ಕಟೆ ಪ್ಯಾಕಿಂಗ್ ಮಾಡಿಸಿಕೊಳ್ಳೋರು ನಮ್ಮಲ್ಲೇ ಹುಟ್ಟಿಕೊಳ್ತಾರೆ. ಮೇಷ್ಟ್ರು ಜೊತೆಗಿರಲಿ, ಮಕ್ಕಳು ನೋಡಲಿ, ಕೇಳಲಿ, ಲೆಕ್ಕ ಹಾಕಲಿ. ಸಾಕು.

ಇನ್ನೊಂದು ತೊಡಕು ನನಗೆ ಆಮೇಲೆ ಹೊಳೆದದ್ದು. ಹಲಸಿನಕಾಯಿ ಹದಕ್ಕೆ ಬರೋದೇ ಮಾರ್ಚ್‌ನಿಂದ ಮೇ ಒಳಗೆ, ಆಗ ಮಕ್ಕಳಿಗೆ ಪರೀಕ್ಷೆ, ರಜೆ. ಹಾಗಾಗಿ ಹಪ್ಪಳ ಒತ್ತೋದು ತೋರಿಸೋಕೆ ಆಗಲಿಲ್ಲ. ಅಡಿಕೆ ಕೊಯ್ಲು ಮಾತ್ರ ಶಾಲೆ ನಡೆಯುವ ದಿನಗಳಲ್ಲೇ ಬರುತ್ತೆ.

ಈ ಸಲ ಗ್ಯಾರೇಜಿನ ಗೆಳೆಯನೊಬ್ಬನನ್ನೂ ಒಪ್ಪಿಸಿದ್ದೇನೆ. ಎಸ್ಟಿಮೇಟ್ ಹಾಕೋದು, ಗಿರಾಕಿ ಜೊತೆ ಮಾತಾಡೋದು ತೋರಿಸ್ತಾನಂತೆ. ಅವನದು ಒಂದೇ ಷರತ್ತು: ಯೂನಿಫಾರ್ಮ್ ಹಾಕ್ಕೊಂಡು ಬರಬಾರದು, ಗ್ರೀಸ್ ಹತ್ತಿದ್ರೆ ಅವರ ಅಮ್ಮಂದಿರ ಹತ್ತಿರ ಬೈಸಿಕೊಳ್ಳೋಕೆ ಅವನು ತಯಾರಿಲ್ಲ.